ದುರಸ್ತಿಯ ದರದಲ್ಲಿ ಸೇರದ ಹೊಗೆ

ಕೆಟ್ಟ ವಸ್ತುವನ್ನು ಎಸೆಯದೆ ಸರಿಪಡಿಸಿ ಬಳಸುವುದು ನಮ್ಮ ಮಧ್ಯಮ ವರ್ಗದ ಹಳೆಯ ಗುಣ. ಈಗ ಅದಕ್ಕೆ ಸರ್ಕಾರದ ಬೆಂಬಲವೂ ದೊರೆತಿದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆಯು 2022ರಲ್ಲಿ ‘ದುರಸ್ತಿ ಹಕ್ಕು’ ಕುರಿತು ಸಮಿತಿ ರಚಿಸಿ, ಅದೇ ವರ್ಷದ ಕೊನೆಗೆ ಜಾಲತಾಣವೊಂದನ್ನೂ ಆರಂಭಿಸಿತು. ಇದು ಸ್ವಾಗತಾರ್ಹವೇ. ಆದರೆ ದುರಸ್ತಿ ಮಾಡಿಸುವವನ ಹಕ್ಕಿನ ಬಗ್ಗೆ ಕೇಳಿಬರುವಷ್ಟು ಮಾತು, ದುರಸ್ತಿ ಮಾಡುವವನ ಆರೋಗ್ಯದ ಬಗ್ಗೆ ಕೇಳಿಬರುತ್ತಿಲ್ಲ.

ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಾಗಲಿ, ಯಾವುದೇ ತಾಲ್ಲೂಕು ಕೇಂದ್ರದ ಬಸ್‌ ನಿಲ್ದಾಣದ ಬಳಿಯಾಗಲಿ ಒಮ್ಮೆ ನಿಂತು ನೋಡಿ. ಬಾಗಿಲಷ್ಟೇ ಅಗಲದ ಮಳಿಗೆಯಲ್ಲಿ ಯುವಕನೊಬ್ಬ ಮೊಬೈಲ್‌ ಹಲಗೆಯ ಮೇಲೆ ಬಾಗಿ ಬೆಸುಗೆ ಹಾಕುತ್ತಿರುತ್ತಾನೆ. ಸೋಲ್ಡರಿಂಗ್‌ ಕಡ್ಡಿಯ ತುದಿಯಿಂದ ಏಳುವ ಬಿಳಿ ಹೊಗೆ ನೇರವಾಗಿ ಅವನ ಮೂಗಿಗೇ ಹೋಗುತ್ತದೆ. ಸಾಸಿವೆಗಿಂತ ಸಣ್ಣ ಬಿಡಿಭಾಗಗಳು ಹಾರಿಹೋಗಬಾರದೆಂದು ಎಷ್ಟೋ ಕಡೆ ಫ್ಯಾನ್‌ ಕೂಡ ನಿಂತಿರುತ್ತದೆ.

ಈ ಹೊಗೆಯ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಹಲವರು ಅದನ್ನು ಸೀಸದ ಆವಿ ಎಂದು ಭಾವಿಸುತ್ತಾರೆ. 63 ಪಾಲು ತವರ, 37 ಪಾಲು ಸೀಸವಿರುವ ಬೆಸುಗೆ ತಂತಿ ಕರಗುವುದು 183 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಕಡ್ಡಿಯ ತುದಿಯ ಶಾಖ ಸಾಮಾನ್ಯವಾಗಿ 350 ಡಿಗ್ರಿಯ ಆಸುಪಾಸು. ಸೀಸ ಕುದಿಯಲು 1,700 ಡಿಗ್ರಿಗೂ ಹೆಚ್ಚು ಶಾಖ ಬೇಕು. ಹಾಗಾಗಿ ಕಣ್ಣಿಗೆ ಕಾಣುವ ಹೊಗೆ ಸೀಸದ್ದಲ್ಲ, ತಂತಿಯೊಳಗಿನ ಫ್ಲಕ್ಸ್‌ನದು, ಅಂದರೆ ಪೈನ್‌ ಮರದ ರಾಳ ಬೆಂದಾಗ ಏಳುವಂಥದು. ಹಾಗೆಂದು ಅದು ನಿರಪಾಯಕಾರಿಯಲ್ಲ. ವೃತ್ತಿಜನ್ಯ ಆಸ್ತಮಾಕ್ಕೆ ರಾಳದ ಹೊಗೆ ಒಂದು ಪ್ರಮುಖ ಕಾರಣವೆಂದು ವೈದ್ಯಲೋಕ ಬಹುಕಾಲದಿಂದ ಬಲ್ಲದು. ದೇಹ ಒಮ್ಮೆ ಅದಕ್ಕೆ ಅಲರ್ಜಿ ಬೆಳೆಸಿಕೊಂಡರೆ ಅನಂತರ ಅತ್ಯಲ್ಪ ಹೊಗೆಯೂ ಉಬ್ಬಸ ತರಿಸಬಲ್ಲದು. ಆಗ ಕಲಿತ ಕಸುಬನ್ನೇ ಬಿಡಬೇಕಾಗಬಹುದು.

ಸೀಸದ ದಾರಿ ಬೇರೆ. ಅದು ಒಳಹೋಗುವುದು ಮುಖ್ಯವಾಗಿ ಕೈಯಿಂದ ಬಾಯಿಗೆ. ತಂತಿ ಹಿಡಿದ ಕೈಯಲ್ಲೇ ಚಹಾದ ಲೋಟ, ಬನ್ನು, ಎಲೆ-ಅಡಿಕೆ. ಎರಡೂ ಕೈಗೆ ಕೆಲಸವಿದ್ದಾಗ ತಂತಿಯನ್ನು ಹಲ್ಲಿನಲ್ಲಿ ಕಚ್ಚಿಕೊಳ್ಳುವ ಅಭ್ಯಾಸ. ಬಟ್ಟೆಗೆ ಅಂಟಿದ ಧೂಳು ಮನೆಯ ಮಕ್ಕಳವರೆಗೂ ತಲುಪುತ್ತದೆ. ಸೀಸಕ್ಕೆ ಸುರಕ್ಷಿತವೆನ್ನಬಹುದಾದ ಪ್ರಮಾಣ ಯಾವುದೂ ತಿಳಿದಿಲ್ಲ ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ ನಿಲುವು.

ಸೀಸರಹಿತ ತಂತಿ ಬಂದಿತಲ್ಲ ಎನ್ನಬಹುದು. ಅದು ಅರ್ಧ ಪರಿಹಾರ ಮಾತ್ರ. ಅದು ಕರಗಲು ಸುಮಾರು 217 ಡಿಗ್ರಿಗೂ ಹೆಚ್ಚು ಶಾಖ ಬೇಕಾದ್ದರಿಂದ ಫ್ಲಕ್ಸ್‌ ಹೊಗೆ ಕಡಿಮೆಯಾಗುವುದಿಲ್ಲ, ಹೆಚ್ಚಲೂಬಹುದು.

ಹಾಗಾದರೆ ಏನು ಮಾಡಬೇಕು? ಹೊಗೆಯನ್ನು ಅದು ಹುಟ್ಟುವ ಜಾಗದಲ್ಲೇ ಹಿಡಿದು, ಕೊಳವೆಯ ಮೂಲಕ ಜನಸಂಚಾರವಿಲ್ಲದ ಕಡೆಗೆ ಹೊರಹಾಕುವುದು ಉತ್ತಮ. ಅದು ಸಾಧ್ಯವಾಗದಿದ್ದರೆ, ಗಾಳಿಯನ್ನು ಮುಖದ ಕಡೆಗೆ ಊದದೆ ಮುಖದಿಂದ ಆಚೆಗೆ ಎಳೆಯುವಂತೆ ಸಣ್ಣ ಫ್ಯಾನ್‌ ಇರಿಸಬೇಕು. ಬಟ್ಟೆಯ ಮುಖಗವಸು ಈ ಹೊಗೆಗೆ ತಡೆಯಲ್ಲ. ತಲೆಯನ್ನು ಹೊಗೆಯ ನೇರಕ್ಕೆ ಇಡಬಾರದು. ಸಿಡಿಯುವ ಹನಿಗಳಿಂದ ಕಣ್ಣು ಕಾಯಲು ಕನ್ನಡಕ ಬೇಕು. ಬೆಸುಗೆಯ ಮೇಜಿನಲ್ಲಿ ತಿನ್ನುವುದು, ಕುಡಿಯುವುದು ಕೂಡದು. ಊಟಕ್ಕೆ ಮೊದಲು ಸೋಪಿನಿಂದ ಕೈತೊಳೆಯಬೇಕು, ಮೇಜನ್ನು ಒಣ ಪೊರಕೆಯಿಂದ ಗುಡಿಸದೆ ಒದ್ದೆ ಬಟ್ಟೆಯಿಂದ ಒರೆಸಬೇಕು. ಇವುಗಳಲ್ಲಿ ಹೆಚ್ಚಿನವಕ್ಕೆ ಖರ್ಚೇ ಇಲ್ಲ.

ಇಷ್ಟು ಸುಲಭವಾದದ್ದು ಏಕೆ ನಡೆಯುತ್ತಿಲ್ಲ? ಆಡಳಿತದಲ್ಲಿ ದಶಕಗಳನ್ನು ಕಳೆದ ನನಗೆ ಉತ್ತರ ಕಾಣುವುದು ಕಾನೂನಿನ ಸಂಖ್ಯೆಗಳಲ್ಲಿ. 1948ರ ಕಾರ್ಖಾನೆ ಕಾಯ್ದೆಯ ಪಟ್ಟಿಯಲ್ಲಿ ಸೀಸದ ವಿಷಬಾಧೆಯು ಅಧಿಸೂಚಿತ ಕಾಯಿಲೆಯಾಗಿತ್ತು. ಆದರೆ ವಿದ್ಯುತ್‌ ಬಳಸುವ ಕಡೆ ಕಾರ್ಖಾನೆ ಎನಿಸಿಕೊಳ್ಳಲು ಸಾಮಾನ್ಯವಾಗಿ 10 ಕಾರ್ಮಿಕರಿರಬೇಕಿತ್ತು. 2020ರ ವೃತ್ತಿ ಸುರಕ್ಷತಾ ಸಂಹಿತೆ ಅದನ್ನು 20ಕ್ಕೆ ಏರಿಸಿತು. ಇಬ್ಬರೇ ದುಡಿಯುವ ಮಳಿಗೆ ಯಾವ ಲೆಕ್ಕಕ್ಕೂ ಬರುವುದಿಲ್ಲ. ಇ-ತ್ಯಾಜ್ಯ ನಿಯಮಗಳು ಹೊಸ ಉಪಕರಣಗಳಲ್ಲಿ ಸೀಸಕ್ಕೆ 0.1 ಶೇಕಡದ ಮಿತಿ ಹಾಕಿದರೂ, ಆ ಹೊಣೆ ಉತ್ಪಾದಕರದು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನಾನು ಇದನ್ನು ಬೆಲೆಯೊಳಗೆ ಸೇರದ ವೆಚ್ಚ ಎನ್ನುತ್ತೇನೆ. ನಾವು ಚೌಕಾಸಿ ಮಾಡಿ ಉಳಿಸುವ ಐವತ್ತು ರೂಪಾಯಿಯನ್ನು ಬೇರೊಬ್ಬ ತನ್ನ ಉಸಿರಿನಲ್ಲಿ ತೆರುತ್ತಾನೆ. ಇದು ಸರಿಪಡಿಸಲಾಗದ ಸಂಗತಿಯೇನಲ್ಲ. 2000ದ ವೇಳೆಗೆ ದೇಶದ ಪೆಟ್ರೋಲ್‌ನಿಂದ ಸೀಸವನ್ನು ತೆಗೆದವರು ನಾವೇ. 2017ರ ನವೆಂಬರ್‌ನಿಂದ ಗೃಹಬಳಕೆಯ ಬಣ್ಣಗಳಿಗೂ ಕಟ್ಟುನಿಟ್ಟಾದ ಮಿತಿ ಜಾರಿಯಾಯಿತು.

ಇಲ್ಲಿ ಇನ್‌ಸ್ಪೆಕ್ಟರ್‌ಗಳ ಹೊಸ ಪಡೆ ಬೇಕಿಲ್ಲ. ಪ್ರತಿ ಮಳಿಗೆಗೂ ತನಿಖಾಧಿಕಾರಿ ಎಂದರೆ ಪ್ರತಿ ಮಳಿಗೆಗೂ ಮಾಮೂಲು ಎಂದಾಗುವ ಅಪಾಯವನ್ನು ನಾನು ಬಲ್ಲೆ. ಐಟಿಐ ಮತ್ತು ಕೌಶಲ ಕೇಂದ್ರಗಳ ಪ್ರಾಯೋಗಿಕ ಪರೀಕ್ಷೆಯಲ್ಲಿ ಹೊಗೆ ನಿರ್ವಹಣೆಗೂ ಕೈತೊಳೆಯುವುದಕ್ಕೂ ಅಂಕ ಇರಲಿ. ಸ್ವಉದ್ಯೋಗ ಸಾಲದ ಸಲಕರಣೆ ಪಟ್ಟಿಯಲ್ಲಿ ಹೊಗೆ ಎಳೆಯುವ ಯಂತ್ರವೂ ಸೇರಲಿ. ತಂತಿಯ ಸುರುಳಿಯ ಮೇಲೆ ಕನ್ನಡದಲ್ಲಿ ಎಚ್ಚರಿಕೆ ಮುದ್ರಿತವಾಗಲಿ. ಗ್ರಾಹಕರಾದ ನಾವು ಹೊಗೆ ಎಳೆಯುವ ವ್ಯವಸ್ಥೆ ಇರುವ ಮಳಿಗೆಯನ್ನೇ ಆರಿಸಿಕೊಂಡು, ಅದಕ್ಕಾಗಿ ಹತ್ತು ರೂಪಾಯಿ ಹೆಚ್ಚು ಕೊಡಲು ಸಿದ್ಧರಾಗೋಣ. ದುರಸ್ತಿ ನಮ್ಮ ಹಕ್ಕು ಎನ್ನುವುದಾದರೆ, ಅದನ್ನು ಮಾಡಿಕೊಡುವವನ ಉಸಿರು ಕಾಯುವುದು ನಮ್ಮ ಹೊಣೆ.