ಹಳೆಯ ಕಾರೆಂದರೆ ವಾಸನೆ ಸಹಜವಂತೆ!



ಮೂವತ್ತನಾಲ್ಕು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಬೋಧಿಸಿದ ನನಗೆ ಒಂದು ಶಬ್ದದ ಮೇಲೆ ಹಳೆಯ ದ್ವೇಷವಿದೆ. ಆ ಶಬ್ದ ‘ಸಹಜ’. ಕಾರಣ ಹುಡುಕಲು ಬೇಸರವಾದಾಗ ಮನುಷ್ಯನು ಈ ಶಬ್ದದ ಮರೆಗೆ ಸರಿದು ನಿಂತುಬಿಡುತ್ತಾನೆ. ಈ ಬಾರಿ ನನ್ನ ಜಗಳ ಒಂದು ಹಳೆಯ ಮೋಟಾರು ಕಾರಿನ ನಿಮಿತ್ತ ನಡೆಯಿತು. ಕಾರಿನ ಗೊಡವೆ ಇಲ್ಲದವರೂ ದಯವಿಟ್ಟು ಕೊನೆಯವರೆಗೆ ಓದಬೇಕೆಂದು ಕೋರುತ್ತೇನೆ.

2023ರ ಬೇಸಿಗೆಯಲ್ಲಿ ನಾನು ಇಂಗ್ಲೆಂಡಿನಲ್ಲಿರುವ ಮಗಳ ಮನೆಯಲ್ಲಿದ್ದೆ. ಅಳಿಯಂದಿರ ಬಳಿ 1972ರ ಒಂದು ಎಂಜಿಬಿ ಕಾರಿದೆ. ಎರಡೇ ಆಸನ, ಮಡಚಿಡುವ ಬಟ್ಟೆಯ ಮೇಲ್ಚಾವಣಿ, ನೆಲಕ್ಕೆ ಅಂಟಿಕೊಂಡಂತಹ ಮೈಕಟ್ಟು. ಈ ಮಾದರಿ 1962ರಿಂದ 1980ರವರೆಗೆ ಆಬಿಂಗ್ಡನ್ ಎಂಬ ಊರಿನ ಕಾರ್ಖಾನೆಯಲ್ಲಿ ತಯಾರಾಯಿತು. ಭಾನುವಾರ ಬಂತೆಂದರೆ ಹತ್ತು ವರ್ಷದ ಮೊಮ್ಮಗಳು ತಂದೆಯ ಪಕ್ಕದಲ್ಲಿ ಕುಳಿತು ಹಳ್ಳಿಯ ರಸ್ತೆಗಳಲ್ಲಿ ಸುತ್ತಿ ಬರುವುದು ಆ ಮನೆಯ ವಾಡಿಕೆ. ಹಾಗೆ ಬಂದ ಒಂದು ಸಂಜೆ ಮಗು ಹಣೆ ಹಿಡಿದುಕೊಂಡು, “ತಾತ, ಆ ಕಾರಲ್ಲಿ ಕೂತ್ರೆ ತಲೆನೋವು ಬರುತ್ತೆ” ಎಂದಳು. ಅವಳ ಸ್ವೆಟರಿನಲ್ಲಿ ಪೆಟ್ರೋಲಿನ ವಾಸನೆ ಇತ್ತು.

ಅಳಿಯಂದಿರನ್ನು ಕೇಳಿದೆ. “ಹಳೇ ಕಾರಲ್ವೇ ಮಾವ, ವಾಸನೆ ಸಹಜ. ಗ್ಯಾರೇಜಿನವರೂ ಹಾಗೇ ಹೇಳಿದಾರೆ” ಎಂದರು. ಅವರು ಓದಿದವರು, ಸಜ್ಜನರು, ಮಗಳ ಮೇಲೆ ಪ್ರಾಣವಿಟ್ಟುಕೊಂಡವರು. ಆದರೂ ಕನ್ನಡಿಯ ಕೆಳಗೆ ಒಂದು ಸುಗಂಧದ ಬಿಲ್ಲೆಯನ್ನು ತೂಗುಹಾಕಿ ಸುಮ್ಮನಾಗಿದ್ದರು. ಗಾಯವನ್ನು ತೊಳೆಯದೆ ಅದರ ಮೇಲೆ ಅತ್ತರು ಸಿಂಪಡಿಸಿದ ಹಾಗೆ!

ನಮ್ಮ ತರ್ಕಶಾಸ್ತ್ರದಲ್ಲಿ ಅನುಮಾನ ಪ್ರಮಾಣಕ್ಕೆ ಕೊಡುವ ಉದಾಹರಣೆ ಎಲ್ಲರಿಗೂ ಗೊತ್ತು. ಬೆಟ್ಟದಲ್ಲಿ ಹೊಗೆ ಕಂಡರೆ ಅಲ್ಲಿ ಬೆಂಕಿಯಿದೆಯೆಂದು ತಿಳಿಯಬೇಕು. ಪೆಟ್ರೋಲಿನ ವಿಷಯದಲ್ಲಿ ಈ ಕ್ರಮ ತಿರುಗುಮುರುಗಾಗುತ್ತದೆ. ಇಲ್ಲಿ ವಾಸನೆ ಮೊದಲು, ಬೆಂಕಿ ಆಮೇಲೆ. ಸುಮಾರು ಸೊನ್ನೆಗಿಂತ 40 ಡಿಗ್ರಿ ಸೆಲ್ಸಿಯಸ್ ಕೆಳಗೂ ಪೆಟ್ರೋಲು ಕಿಡಿ ತಾಗಿದರೆ ಹತ್ತಿಕೊಳ್ಳುವಷ್ಟು ಆವಿಯನ್ನು ಬಿಡುತ್ತದೆ. ಗಾಳಿಯಲ್ಲಿ ಆ ಆವಿ ಶೇಕಡಾ ಒಂದೂವರೆಯ ಆಸುಪಾಸಿನಲ್ಲಿದ್ದರೆ ಸಾಕು, ಹೊತ್ತಿಕೊಳ್ಳಬಲ್ಲದು. ಅದು ಗಾಳಿಗಿಂತ ಮೂರು-ನಾಲ್ಕು ಪಟ್ಟು ಭಾರವಾದ್ದರಿಂದ ಮೇಲೇರಿ ಚದುರಿಹೋಗದೆ ತಗ್ಗಿನಲ್ಲಿ ಮಡುಗಟ್ಟಿ ಕೂರುತ್ತದೆ. ಈ ಕಾರಿನಲ್ಲಿ ಆಸನಗಳ ಹಿಂದೆ ನೆಲದಡಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳಿವೆ. ಹಿಂಭಾಗದಲ್ಲೇ ವಿದ್ಯುತ್ತಿನಿಂದ ನಡೆಯುವ ಪೆಟ್ರೋಲ್ ಪಂಪು ಇದೆ. ಅದರ ಹಳೆಯ ಮಾದರಿಯೊಳಗೆ ಬಡಿದು ಬಿಡುವ ಸಂಪರ್ಕಬಿಂದುಗಳಿರುತ್ತವೆ. ಇಷ್ಟೆಲ್ಲ ಇರುವಲ್ಲಿ ಬರುವ ವಾಸನೆಯನ್ನು ‘ಸಹಜ’ ಎನ್ನುವುದು ಯಾವ ನ್ಯಾಯ?

“ತೊಟ್ಟಿಕ್ಕುತ್ತಿಲ್ಲವಲ್ಲ, ಅಪಾಯವೇನು?” ಎಂಬುದು ಎರಡನೆಯ ವಾದ. ತೊಟ್ಟಿಕ್ಕುವ ಪೆಟ್ರೋಲು ಕಣ್ಣಿಗಾದರೂ ಬೀಳುತ್ತದೆ. ನೆಲ ಮುಟ್ಟುವ ಮೊದಲೇ ಆವಿಯಾಗುವ ಸೋರಿಕೆ ಕಾಣುವುದೇ ಇಲ್ಲ. ನೆಲ ಒಣಗಿದ್ದ ಮಾತ್ರಕ್ಕೆ ಸೋರಿಕೆಯಿಲ್ಲವೆಂದು ಸಾಧಿತವಾಗುವುದಿಲ್ಲ. ಮೂರನೆಯ ವಾದ “ನಮಗೇನೂ ಅಷ್ಟು ವಾಸನೆ ಬರೋಲ್ಲ” ಎಂಬುದು. ಮೂಗಿನಂತಹ ಮರೆಗುಳಿ ಇಂದ್ರಿಯ ಬೇರೊಂದಿಲ್ಲ. ಕೆಲವೇ ನಿಮಿಷಗಳಲ್ಲಿ ಅದು ವಾಸನೆಗೆ ಒಗ್ಗಿಹೋಗುತ್ತದೆ. ನಿತ್ಯ ಆ ಕಾರನ್ನು ಓಡಿಸುವವನ ಮೂಗಿನ ಸಾಕ್ಷಿಗಿಂತ ಎಂದೋ ಒಮ್ಮೆ ಹತ್ತುವವನ ಸಾಕ್ಷಿ ಮೇಲು. ಮಗುವಿನ ಸಾಕ್ಷಿ ಎಲ್ಲಕ್ಕಿಂತ ಮೇಲು, ಏಕೆಂದರೆ ಅದಕ್ಕೆ ಕಾರಿನ ಮೇಲೆ ಅಭಿಮಾನವಿಲ್ಲ.

ಎದುರು ಪಕ್ಷಕ್ಕೂ ನ್ಯಾಯ ಸಲ್ಲಬೇಕು. ತಣ್ಣಗಿರುವ ಹಳೆಯ ಎಂಜಿನ್ನನ್ನು ಚೋಕ್ ಎಳೆದು ಚಾಲೂ ಮಾಡಿದಾಗ ಹೊಗೆಯಲ್ಲಿ ಹಸಿ ಪೆಟ್ರೋಲಿನ ನಾತ ಇದ್ದೇ ಇರುತ್ತದೆ. ಬಿಸಿಯಾದ ಎಂಜಿನ್ನನ್ನು ನಿಲ್ಲಿಸಿದ ಮೇಲೆ ಕಾರ್ಬ್ಯುರೇಟರಿನ ಫ್ಲೋಟ್ ಚೇಂಬರಿನಿಂದ ತುಸು ಆವಿ ಹೊರಬೀಳುವುದೂ ಉಂಟು. ಇವು ಆ ಕಾಲದ ಯಂತ್ರದ ಗುಣಗಳು. ಆದರೆ ರಾತ್ರಿಯಿಡೀ ತಣ್ಣಗೆ ನಿಂತ ಕಾರಿನ ಡಿಕ್ಕಿ ತೆಗೆದರೆ ಘಮ್ಮೆಂದು ಬರುವುದು, ಓಡುವಾಗ ಆಸನದಲ್ಲಿ ಕುಳಿತವರ ಬಟ್ಟೆಗೆ ಹತ್ತುವುದು ಈ ಗುಣಗಳ ಪೈಕಿ ಸೇರುವುದಿಲ್ಲ. ಯಾವ ವಾಸನೆ, ಎಲ್ಲಿ, ಯಾವಾಗ ಎಂದು ವಿಂಗಡಿಸದೆ ಎಲ್ಲವನ್ನೂ ಒಂದೇ ಚೀಲಕ್ಕೆ ತುಂಬುವುದೇ ನನ್ನ ಆಕ್ಷೇಪಕ್ಕೆ ಗುರಿ.

ಗ್ಯಾರೇಜಿನವರು ಏನೂ ಮಾಡಿರಲಿಲ್ಲವೆಂದಲ್ಲ. ಹಿಂದಿನ ವರ್ಷ ಎರಡು ಸಲ ಕಾರ್ಬ್ಯುರೇಟರುಗಳನ್ನು ಬಿಚ್ಚಿ ಜೋಡಿಸಿ, ವಾಷರುಗಳನ್ನು ಬದಲಿಸಿ, ದಪ್ಪ ಬಿಲ್ಲು ಕೊಟ್ಟಿದ್ದರು. ವಾಸನೆ ಹಾಗೆಯೇ ಇತ್ತು. ಆಗ ‘ಸಹಜ’ ಎಂಬ ತೀರ್ಪು ಬಂತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದೆಂದರೆ ಇದೇ. ಬರೆ ಹಾಕಿದ ಮೇಲೂ ಜ್ವರ ಇಳಿಯದಿದ್ದರೆ ‘ಎತ್ತುಗಳಿಗೆ ಜ್ವರ ಸಹಜ’ ಎಂದುಬಿಡುವುದು!

ನನಗೆ ಕಾರಿನ ರಿಪೇರಿ ಗೊತ್ತಿಲ್ಲ. ನನಗೆ ಗೊತ್ತಿರುವುದು ನೋಟ್‌ಬುಕ್ಕಿನಲ್ಲಿ ಅಂಕಣ ಎಳೆಯುವುದು. ಹದಿನೈದು ದಿನ ಮೊಮ್ಮಗಳಿಂದಲೇ ಬರೆಸಿದೆ: ದಿನಾಂಕ, ಎಂಜಿನ್ ಬಿಸಿಯೋ ತಣ್ಣಗೋ, ಕಾರು ನಿಂತಿದೆಯೋ ಓಡುತ್ತಿದೆಯೋ, ಟ್ಯಾಂಕಿನಲ್ಲಿ ಪೆಟ್ರೋಲು ಎಷ್ಟು, ವಾಸನೆಗೆ ಹತ್ತರಲ್ಲಿ ಎಷ್ಟು ಅಂಕ. ಆ ದಿನಗಳಲ್ಲಿ ಅವಳನ್ನು ಕಾರಿನಲ್ಲಿ ಕೂರಿಸಲಿಲ್ಲ. ಹೊರಗೆ ನಿಂತೇ ಮೂಸಿ ಅಂಕ ಕೊಡುವುದು ಅವಳ ಕೆಲಸ. ಎರಡನೆಯ ವಾರದ ಕೊನೆಗೆ ಪುಟವೇ ಮಾತನಾಡಿತು. ಎಂಜಿನ್ನಿನ ಬಿಸಿಗೂ ವಾಸನೆಗೂ ಸಂಬಂಧವಿರಲಿಲ್ಲ. ಟ್ಯಾಂಕು ತುಂಬಿಸಿದ ದಿನ ಎಂಟು-ಒಂಬತ್ತು ಅಂಕ. ಮುಕ್ಕಾಲಿಗೆ ಇಳಿದರೆ ಮೂರು. ಅರ್ಧಕ್ಕಿಂತ ಕೆಳಗೆ ಹೋದರೆ ಒಂದೋ ಸೊನ್ನೆಯೋ. ಎರಡು ಸಲ ಬಿಚ್ಚಿಸಿಕೊಂಡ ಕಾರ್ಬ್ಯುರೇಟರುಗಳು ಕಾರಿನ ಮುಂಭಾಗದಲ್ಲಿವೆ. ಟ್ಯಾಂಕಿನ ಮಟ್ಟ ಇಳಿದ ಮಾತ್ರಕ್ಕೆ ಅವು ಸೋರುವುದನ್ನು ನಿಲ್ಲಿಸಲಾರವು.

ಆದರೂ ಒಂದು ಪರೀಕ್ಷೆ ಮಾಡಿದೆವು. ಕೀಲಿಯನ್ನು ತಿರುಗಿಸಿ, ಎಂಜಿನ್ ಚಾಲೂ ಮಾಡದೆ ಕಿವಿಗೊಟ್ಟೆವು. ಈ ಕಾರಿನ ಪಂಪು ಟಿಕ್ ಟಿಕ್ ಎಂದು ಸದ್ದು ಮಾಡುತ್ತ ಫ್ಲೋಟ್ ಚೇಂಬರುಗಳನ್ನು ತುಂಬಿಸುತ್ತದೆ, ತುಂಬಿದೊಡನೆ ಮೌನವಾಗಬೇಕು. ಮೌನವಾಗದೆ ಬಡಿಯುತ್ತಲೇ ಇದ್ದರೆ ಪಂಪಿನ ಮುಂದೆ ಎಲ್ಲೋ ಪೆಟ್ರೋಲು ಹೊರಹೋಗುತ್ತಿದೆ, ಇಲ್ಲವೇ ಹಿಂದೆ ಎಲ್ಲೋ ಗಾಳಿಯನ್ನು ಎಳೆದುಕೊಳ್ಳುತ್ತಿದೆ ಎಂದರ್ಥ. ನಮ್ಮದು ಕೆಲವು ಕ್ಷಣ ಬಡಿದು ಸುಮ್ಮನಾಯಿತು. ಕಾರ್ಬ್ಯುರೇಟರುಗಳು ನಿರಪರಾಧಿಗಳೆಂದು ಸಿದ್ಧವಾಯಿತು.

ಉಳಿದದ್ದು ಹಿಂಭಾಗ. ಪೆಟ್ರೋಲು ಸುರಿಯುವ ಬಾಯಿಂದ ಟ್ಯಾಂಕಿಗೆ ಹೋಗುವ ರಬ್ಬರು ಕೊಳವೆ, ಪಂಪಿನ ಎರಡು ತುದಿಯ ಕೊಳವೆಗಳು, ಮಟ್ಟ ತೋರಿಸುವ ಉಪಕರಣ ಟ್ಯಾಂಕಿಗೆ ಸೇರುವಲ್ಲಿಯ ರಬ್ಬರು ಉಂಗುರ, ಮತ್ತು ಟ್ಯಾಂಕು. ಎಲ್ಲವನ್ನೂ ಒರೆಸಿ ಒಣಗಿಸಿ, ಒಂದೊಂದು ಕೂಡಿಕೆಗೂ ಬಿಳಿಯ ಕಾಗದದ ಕರವಸ್ತ್ರ ಸುತ್ತಿ ಕಟ್ಟಿ ರಾತ್ರಿ ಬಿಟ್ಟೆವು. ಬೆಳಿಗ್ಗೆ ನೋಡಿದರೆ ರಬ್ಬರು ಕೊಳವೆಯಲ್ಲಿ ಬಿರುಕುಗಳಿದ್ದರೂ ಕಾಗದ ಒಣಗಿತ್ತು. ಉಂಗುರದ ಕಾಗದವೂ ಒಣಗಿತ್ತು. ಟ್ಯಾಂಕಿನ ಮೇಲಂಚಿನ ಕೆಳಗೆ ಸಿಕ್ಕಿಸಿದ್ದ ಕಾಗದದ ಪಟ್ಟಿಯಲ್ಲಿ ಮಾತ್ರ ಒಂದು ಕಲೆ ಹರಡಿ, ಮೂಗಿಗೆ ಹಿಡಿದರೆ ತಲೆ ತಿರುಗುವಂತಿತ್ತು.

ಮುಂದಿನದು ನಮ್ಮಂಥವರ ಕೆಲಸವಲ್ಲ. ಬೇರೊಬ್ಬ ವೃದ್ಧ ಮೆಕ್ಯಾನಿಕರ ಬಳಿ ಒಯ್ದೆವು. ಅವರು ನೋಟ್‌ಬುಕ್ಕನ್ನು ಓದಿ, ಏನೂ ಹೇಳದೆ ತಲೆದೂಗಿದರು. ತೆರೆದ ಬಯಲಿನಲ್ಲಿ ಬ್ಯಾಟರಿಯ ಸಂಪರ್ಕ ಕಳಚಿ, ಪೆಟ್ರೋಲು ಬಸಿದು, ಟ್ಯಾಂಕನ್ನು ಕೆಳಗಿಳಿಸಿದರು. ಈ ಕಾರಿನಲ್ಲಿ ಟ್ಯಾಂಕು ಡಿಕ್ಕಿಯ ನೆಲದಡಿಗೆ ಬೋಲ್ಟುಗಳಿಂದ ತೂಗುತ್ತದೆ. ನೆಲಕ್ಕೂ ಟ್ಯಾಂಕಿನ ನೆತ್ತಿಗೂ ನಡುವೆ ಮೆತ್ತನೆಯ ಪಟ್ಟಿಗಳಿರುತ್ತವೆ. ಚಕ್ರ ಎರಚಿದ ಕೆಸರು, ಮಳೆಯ ನೀರು ಆ ಸಂದಿಗೆ ನುಗ್ಗಿ ಪಟ್ಟಿಯಲ್ಲಿ ಇಂಗಿ ವರ್ಷಗಟ್ಟಲೆ ಕುಳಿತಿರುತ್ತವೆ. ಹೊರಗಿನಿಂದ ನೋಡಿದರೆ ಕಪ್ಪು ಬಣ್ಣ ಹೊಳೆಯುತ್ತಿತ್ತು. ನೆತ್ತಿಯಲ್ಲಿ ಪಟ್ಟಿಯ ಕೆಳಗೆ ತಗಡು ತುಕ್ಕು ಹಿಡಿದು ಸೂಜಿಮೊನೆಯಷ್ಟು ತೂತುಗಳಾಗಿದ್ದವು. ಟ್ಯಾಂಕು ತುಂಬಿದ್ದಾಗ ತಿರುವುಗಳಲ್ಲಿ ಪೆಟ್ರೋಲು ತುಳುಕಿ ಅಲ್ಲಿಂದ ಜಿನುಗುತ್ತಿತ್ತು. ಇನ್ನು ತೆರೆದ ಕಾರು ಓಡುವಾಗ ಮುಂಗಾಜಿನ ಮೇಲಿಂದ ಹಾಯ್ದ ಗಾಳಿ ಸುಳಿಯಾಗಿ ಹಿಂದಿನಿಂದ ಆಸನಗಳತ್ತ ಮರಳುತ್ತದೆ. ಆವಿಯನ್ನು ಮಗುವಿನ ಮುಖಕ್ಕೆ ತಂದು ಮುಟ್ಟಿಸುತ್ತಿದ್ದದ್ದು ಆ ಗಾಳಿಯೇ. ಹೊಸ ಟ್ಯಾಂಕು, ಹೊಸ ಕೊಳವೆಗಳು ಬಂದವು. ನೋಟ್‌ಬುಕ್ಕಿನಲ್ಲಿ ಸಾಲುಸಾಲಾಗಿ ಸೊನ್ನೆಗಳು ಬಿದ್ದವು. ಜೀವನದಲ್ಲಿ ಮೊದಲ ಸಲ ಒಂದು ವಿದ್ಯಾರ್ಥಿನಿಯ ಸೊನ್ನೆಗಳನ್ನು ಕಂಡು ಸಂತೋಷಪಟ್ಟೆ.

“ಸರಕಾರದ ತಪಾಸಣೆ ಇರುತ್ತದಲ್ಲ, ಮೇಷ್ಟ್ರೇ?” ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಬ್ರಿಟನ್ನಿನಲ್ಲಿ 2018ರ ಮೇ ತಿಂಗಳಿನಿಂದ, ದೊಡ್ಡ ಮಾರ್ಪಾಡುಗಳಾಗಿರದ, ನಲವತ್ತು ವರ್ಷ ದಾಟಿದ ಕಾರುಗಳಿಗೆ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಅಳಿಯಂದಿರ ಕಾರು ಯಾರ ಎದುರಿಗೂ ಪರೀಕ್ಷೆಗೆ ನಿಲ್ಲಬೇಕಾದ್ದಿಲ್ಲ. ಪರೀಕ್ಷಕನಿಲ್ಲದ ಕೊಠಡಿಯಲ್ಲಿ ಬರೆಯುವ ವಿದ್ಯಾರ್ಥಿಯ ಹೊಣೆ ಕಡಿಮೆಯಾಗುತ್ತದೆಯೋ, ಹೆಚ್ಚಾಗುತ್ತದೆಯೋ? ನೀವೇ ಹೇಳಿ.

ಇಷ್ಟು ಕಟುವಾಗಿ ಬರೆಯಲು ನನಗೇನು ಅಧಿಕಾರವೆಂದು ಕೇಳಿದರೆ, ಅಧಿಕಾರವಿಲ್ಲ, ಅಪರಾಧವಿದೆ. ಹಿಂದೆ ನಾನು ಒಂದು ವಿದ್ಯಾರ್ಥಿ ನಿಲಯದ ಉಸ್ತುವಾರಿಯಲ್ಲಿದ್ದೆ. ಅಡುಗೆಯವರು ಒಂದು ದಿನ ಬಂದು, “ಸ್ವಾಮಿ, ಒಲೆ ಹತ್ರ ಗ್ಯಾಸಿನ ವಾಸನೆ ಬತ್ತದೆ” ಎಂದರು. ನಾನು ಪ್ರಶ್ನೆಪತ್ರಿಕೆ ಬರೆಯುತ್ತಿದ್ದೆ. ತಲೆಯೆತ್ತದೆ, “ಸಿಲಿಂಡರ್ ಬದಲಿಸಿದಾಗ ಅದು ಸಹಜ ಕಣಯ್ಯ” ಎಂದೆ. ಅಡುಗೆ ಅನಿಲಕ್ಕೆ ತನ್ನದೇ ಆದ ವಾಸನೆ ಇಲ್ಲ. ಸೋರಿದರೆ ತಿಳಿಯಲೆಂದೇ ಅದಕ್ಕೆ ಗಂಧಕದ ನಾತವನ್ನು ಬೆರೆಸಿರುತ್ತಾರೆ ಎಂದು ಅದೇ ವರ್ಷ ಹತ್ತನೆಯ ತರಗತಿಗೆ ಪಾಠ ಮಾಡಿದ್ದವನು ನಾನು! ಮೂರನೆಯ ದಿನ ಬೆಳಿಗ್ಗೆ ಬಿರುಕುಬಿಟ್ಟ ರಬ್ಬರು ಕೊಳವೆಯಿಂದ ಬೆಂಕಿ ಹೊತ್ತಿ ಅವರ ಎರಡೂ ಮುಂಗೈಗಳು ಸುಟ್ಟವು. ಮಕ್ಕಳು ಆ ಹೊತ್ತಿಗೆ ಸ್ನಾನಕ್ಕೆ ಹೋಗಿದ್ದದ್ದು ದೈವಕೃಪೆ. ಅವರು ನನ್ನನ್ನು ಎಂದೂ ದೂರಲಿಲ್ಲ. ಮುಂದೆ ಚಪಾತಿ ಲಟ್ಟಿಸುವಾಗ ಬಿಗಿದುಕೊಂಡಿದ್ದ ಆ ಕೈಗಳನ್ನು ನೋಡುತ್ತ ನಾಲ್ಕು ವರ್ಷ ಅಲ್ಲಿ ಊಟ ಮಾಡಿದೆ. ‘ಸಹಜ’ ಎಂಬ ಶಬ್ದದ ಮೇಲಿನ ನನ್ನ ದ್ವೇಷಕ್ಕೆ ಇದು ಮೂಲ. ಇದನ್ನು ಈವರೆಗೆ ಎಲ್ಲಿಯೂ ಬರೆದಿರಲಿಲ್ಲ.

ಇನ್ನು ನಮ್ಮ ಊರಿನ ಮಾತು. ಬ್ರಿಟನ್ನಿನಲ್ಲಿ 2021ರ ಸೆಪ್ಟೆಂಬರಿನಿಂದ ಸಾಮಾನ್ಯ ಪೆಟ್ರೋಲಿನಲ್ಲಿ ಶೇಕಡಾ 10ರವರೆಗೆ ಎಥನಾಲ್ ಇರುತ್ತದೆ. ನಮ್ಮ ದೇಶ 2025ರಲ್ಲಿ ಶೇಕಡಾ 20ರ ಮಿಶ್ರಣವನ್ನು ತಲುಪಿತು. ಈ ನೀತಿ ಒಳ್ಳೆಯದೋ ಕೆಟ್ಟದ್ದೋ ಎಂಬ ಚರ್ಚೆ ಇಲ್ಲಿ ಬೇಡ. ಎಥನಾಲ್ ನೀರನ್ನು ಹೀರಿಕೊಳ್ಳುವ ದ್ರವ; ಹಳೆಯ ಕಾಲದ ರಬ್ಬರಿಗೆ ಅದರೊಡನೆ ಸ್ನೇಹವಿಲ್ಲ. ನಿಮ್ಮಲ್ಲಿ ಹಲವರ ಮನೆಯಲ್ಲಿ ತಂದೆಯವರ ನೆನಪಿಗೆಂದು ಇಟ್ಟುಕೊಂಡ ಪದ್ಮಿನಿ ಕಾರೋ, ಯೆಜ್ಡಿ ಬೈಕೋ, ಬಜಾಜ್ ಸ್ಕೂಟರೋ ಇರುವುದನ್ನು ಬಲ್ಲೆ. ತಂದೆಯ ಭಾವಚಿತ್ರಕ್ಕೆ ಹಾರ ಹಾಕುವಷ್ಟೇ ಶ್ರದ್ಧೆಯಿಂದ ಆ ಗಾಡಿಯ ಪೆಟ್ರೋಲ್ ಕೊಳವೆಯನ್ನು ಬೆರಳಿನಿಂದ ಒತ್ತಿ ನೋಡಿ. ಮೆತ್ತಗೆ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಬದಲಿಸಿ. ವಾಸನೆಯಿದ್ದರೆ ಬೆಂಕಿಕಡ್ಡಿ ಗೀರಿ ಹುಡುಕಬೇಡಿ; ಬಾಗಿಲು ತೆರೆದಿಡಿ, ಗಾಡಿಯನ್ನು ಬಯಲಿಗೆ ತಳ್ಳಿ, ಎಲ್ಲಿ ಯಾವಾಗ ವಾಸನೆ ಬರುತ್ತದೆಂದು ಬರೆದಿಡಿ. ಆಮೇಲೆ ಮೆಕ್ಯಾನಿಕರ ಕೈಗೆ ಗಾಡಿಯ ಜೊತೆ ಆ ಚೀಟಿಯನ್ನೂ ಕೊಡಿ. ಅವರು ಚೀಟಿ ಓದದೆ ಸ್ಪ್ಯಾನರ್ ಎತ್ತಿಕೊಂಡರೆ ಗಾಡಿಯನ್ನು ವಾಪಸು ತನ್ನಿ.

ಮೊಮ್ಮಗಳು ಈಗ ಪ್ರತಿ ಭಾನುವಾರ ಕಾರು ಹತ್ತುವ ಮೊದಲು ಡಿಕ್ಕಿಯನ್ನು ತೆರೆದು ಮೂಸಿ ನೋಡುತ್ತಾಳಂತೆ. ಕನ್ನಡಿಯ ಕೆಳಗಿನ ಸುಗಂಧದ ಬಿಲ್ಲೆಯನ್ನು ಅಳಿಯಂದಿರೇ ತೆಗೆದುಹಾಕಿದ್ದಾರೆ. ಅದಿದ್ದರೆ ವಾಸನೆ ತಿಳಿಯುವುದಿಲ್ಲವೆಂದು ಮಗಳಿಗೆ ತಾವೇ ವಿವರಿಸಿದರಂತೆ. ಅವರಿಗೆ ನನ್ನ ಪೂರ್ಣಾಂಕಗಳು.

ನಿಮ್ಮ ಮನೆಯಲ್ಲಿ ‘ಸಹಜ’ವೆಂದು ಬಿಟ್ಟಿರುವುದು ಏನಾದರೂ ಇದ್ದರೆ ನೋಡಿ, ಕಾರಣ ಸಿಕ್ಕಿದರೆ ನನಗೂ ಬರೆಯಿರಿ.

— ನಿಮ್ಮ ಮೇಷ್ಟ್ರು