“ಯುನಿಟ್ ಹೋಯ್ತು” ಅನ್ನುವ ಮೊದಲು ನಾಲ್ಕು ಪ್ರಶ್ನೆ

ಮಲ್ಪೆ, ಗಂಗೊಳ್ಳಿ ಕಡೆಯ ದೋಣಿ ಮನೆಯ ಮಕ್ಕಳೇ, ಇವತ್ತಿನದ್ದು ನಿಮಗೆ. ಉಳಿದವರೂ ಓದಿ, ಲೆಕ್ಕ ಎಲ್ಲರಿಗೂ ಒಂದೇ.

ಹಳೇ ಔಟ್‌ಬೋರ್ಡ್ ಇಂಜಿನ್, ಬಟನ್ ಒತ್ತಿದ್ರೆ ಮೇಲೆ ಏಳ್ತಿಲ್ಲ. ನೋಡ್ಲಿಕ್ಕೆ ಬಂದವರು ಎರಡು ನಿಮಿಷಕ್ಕೆ “ಟಿಲ್ಟ್ ಯುನಿಟ್ ಹೋಯ್ತು, ಹೊಸದೇ ಹಾಕ್ಬೇಕು” ಅಂತಾರೆ. ನಾನು ಹೇಳುದು ಇಷ್ಟೇ ಮಾರಾಯ್ರೆ: ಅದು ಪರೀಕ್ಷೆ ಅಲ್ಲ, ಅಂದಾಜು. ಅಂದಾಜಿಗೆ ದುಡ್ಡು ಕೊಡ್ಬೇಡಿ.

ಇದು ಸಣ್ಣ ವಿಷಯ ಅಲ್ಲ. ಅಳಿವೆಯಲ್ಲಿ ನೀರು ಇಳಿದಾಗ ಇಂಜಿನ್ ಎತ್ತಲಾಗದಿದ್ದರೆ ಪ್ರೊಪೆಲ್ಲರ್ ಮರಳಿಗೆ ಬಡಿಯುತ್ತದೆ. ದೋಣಿ ನಿಂತರೆ ಆ ದಿನದ ಸಂಪಾದನೆಯೂ ನಿಂತಿತು.

ಒಳಗೆ ಇರುವುದು ಇಷ್ಟು: ಎರಡೂ ಕಡೆ ತಿರುಗುವ 12 ವೋಲ್ಟ್ ಮೋಟಾರ್, ಅದು ಓಡಿಸುವ ಪಂಪ್, ಎಣ್ಣೆ, ಸಿಲಿಂಡರ್. ಹಾಗಾಗಿ ತೊಂದರೆ ಕರೆಂಟಿನದ್ದೋ ಎಣ್ಣೆಯದ್ದೋ ಅಂತ ಮೊದಲು ಬೇರೆ ಮಾಡಿ.

1. ಬಟನ್ ಒತ್ತಿದಾಗ ಟಿಕ್ ಅನ್ನುತ್ತಾ? ಅನ್ನದಿದ್ರೆ ಬ್ಯಾಟರಿ, ಫ್ಯೂಸ್, ಸ್ವಿಚ್, ವೈರ್ ನೋಡಿ. ಉಪ್ಪು ಗಾಳಿಗೆ ಟರ್ಮಿನಲ್ ಹಸಿರು ಹಿಡಿಯುವುದು ನಮ್ಮಲ್ಲಿ ಹೊಸತಲ್ಲ.

2. ಟಿಕ್ ಅಂದ್ರೂ ಮೋಟಾರ್ ತಿರುಗ್ತಿಲ್ವಾ? ರಿಲೇ ಅಥವಾ ಮೋಟಾರಿನ ಬ್ರಶ್ ಇರಬಹುದು. ಮೇಲಕ್ಕೆ ಮಾತ್ರ ಕೆಲಸ ಮಾಡಿ ಕೆಳಕ್ಕೆ ಮಾಡದಿದ್ರೆ, ಒಂದೇ ಥರದ ಎರಡು ರಿಲೇ ಇದ್ದಲ್ಲಿ ಅದಲುಬದಲು ಮಾಡಿ. ತೊಂದರೆಯೂ ಬದಲಾದ್ರೆ ಕಳ್ಳ ಸಿಕ್ಕಿದ.

3. ಮೋಟಾರ್ ತಿರುಗುತ್ತೆ, ಇಂಜಿನ್ ಏಳ್ತಿಲ್ವಾ? ಬ್ರಾಕೆಟ್ ಬದಿಯ ಮ್ಯಾನುಯಲ್ ರಿಲೀಸ್ ಸ್ಕ್ರೂ ಸಡಿಲ ಇದೆಯಾ ನೋಡಿ. ಆಮೇಲೆ ಎಣ್ಣೆ. ಎಣ್ಣೆ ಹಾಲಿನ ಬಣ್ಣಕ್ಕೆ ತಿರುಗಿದ್ರೆ ಒಳಗೆ ನೀರು ಹೋಗಿದೆ; ಮೇಲಿಂದ ಹೊಸ ಎಣ್ಣೆ ಸುರಿದು ಪ್ರಯೋಜನ ಇಲ್ಲ, ನೀರು ಬಂದ ಸೀಲ್ ಹುಡುಕಬೇಕು. ಯಾವ ಎಣ್ಣೆ ಅಂತ ಆ ಇಂಜಿನ್ನಿನ ಮ್ಯಾನುಯಲ್ ಹೇಳುತ್ತೆ. ಹಾಕಿದ ಮೇಲೆ ನಾಲ್ಕೈದು ಸಲ ಪೂರ್ತಿ ಮೇಲೆ ಕೆಳಗೆ ಮಾಡಿ, ಗಾಳಿ ಹೊರಗೆ ಬರ್ಲಿ.

4. ಎದ್ದದ್ದು ಮೆಲ್ಲ ಇಳಿಯುತ್ತಾ? ಒತ್ತಡ ಎಲ್ಲೋ ಸೋರ್ತಿದೆ. ರಿಲೀಸ್ ವಾಲ್ವಿನ ಸಣ್ಣ ಓ-ರಿಂಗ್, ಒಳಗಿನ ವಾಲ್ವ್, ಸಿಲಿಂಡರ್ ಸೀಲ್. ಈ ಕ್ರಮದಲ್ಲೇ ನೋಡಿ.

ಒಂದು ಮಾತು ಮರೀಬೇಡಿ. 60 ಎಚ್‌ಪಿ ಇಂಜಿನ್ ಸಾಮಾನ್ಯವಾಗಿ 100 ಕೆಜಿ ದಾಟುತ್ತೆ. ಪೂರ್ತಿ ಎತ್ತಿ, ಟಿಲ್ಟ್ ಲಾಕ್ ಹಾಕಿ, ಮೇಲಿಂದ ಹಗ್ಗವನ್ನೂ ಕಟ್ಟಿದ ಮೇಲೆಯೇ ಕೈ ಹಾಕಿ. ಇಂಜಿನ್ ಕೆಳಗಿರುವಾಗ ಎಣ್ಣೆಯ ಮುಚ್ಚಳ ಬಿಚ್ಚಬೇಡಿ, ಒತ್ತಡಕ್ಕೆ ಮುಖಕ್ಕೆ ಹಾರುತ್ತೆ.

“ಹಳೇದಕ್ಕೆ ಇಷ್ಟೆಲ್ಲ ತಲೆಬಿಸಿ ಯಾಕೆ, ಹೊಸದು ಹಾಕಿದ್ರೆ ಮುಗೀತಲ್ಲ” ಅನ್ನುವವರು ಇದ್ದಾರೆ. ಕೆಲವೊಮ್ಮೆ ಅವರ ಮಾತು ಸರಿ. ಸಿಲಿಂಡರಿನ ರಾಡ್ ತುಕ್ಕು ಹಿಡಿದು ಗುಳಿ ಬಿದ್ದಿದ್ರೆ ಹೊಸ ಸೀಲ್ ಬಾಳುವುದಿಲ್ಲ, ಆಗ ಬದಲಿಸಿ. ಆದರೆ ಫ್ಯೂಸ್ ನೋಡದೆ ಯುನಿಟ್ ತಂದು, ತೊಂದರೆ ರಿಲೇಯದ್ದಾಗಿದ್ರೆ? ದುಡ್ಡೂ ಹೋಯ್ತು, ಇಂಜಿನ್ನೂ ಏಳಲಿಲ್ಲ. ಕಾಸ್ಟಿಂಗ್ ಕ್ಲಾಸಿನಲ್ಲಿ ಕಲಿಯುವುದನ್ನು ಇಲ್ಲಿ ಹಾಕಿ: ಕಡಿಮೆ ಖರ್ಚಿನ ಪರೀಕ್ಷೆ ಮೊದಲು, ದೊಡ್ಡ ಖರ್ಚು ಕೊನೆಗೆ.

ಮೆಕ್ಯಾನಿಕ್ ಜೊತೆ ಜಗಳ ಬೇಡ. “ಅಣ್ಣ, ಟಿಕ್ ಅಂತಾ? ಎಣ್ಣೆ ಬಣ್ಣ ಎಂತದು? ಒಮ್ಮೆ ತೋರಿಸಿ” ಅಂತ ಕೇಳಿ. ಕೆಲಸ ಗೊತ್ತಿದ್ದವರು ಖುಷಿಯಲ್ಲೇ ತೋರಿಸ್ತಾರೆ.

ಜೂನ್ 1ರಿಂದ ಜುಲೈ 31ರವರೆಗೆ, 10 ಎಚ್‌ಪಿ ಮೇಲಿನ ಇಂಜಿನ್ ಕಡಲಿಗೆ ಇಳಿಯದ ಆ 61 ದಿನಗಳಲ್ಲಿ ಈ ನಾಲ್ಕೂ ನೋಡಿಡಿ. ಸೇವ್ ಮಾಡಿ, ಮನೆಯಲ್ಲಿ ಅಪ್ಪನಿಗೂ ಓದಿ ಹೇಳಿ.

#ದೋಣಿಲೆಕ್ಕ #ಕರಾವಳಿ #ಬಿಕಾಂಹುಡುಗರು