ಟಿಟ್ಟಿಭಕ್ಕೆ ಒಂದು ಮಾರು ನೆಲ

ಪಂಚತಂತ್ರದ ಕಥೆಯಲ್ಲಿ ಕಡಲ ದಂಡೆಯ ಟಿಟ್ಟಿಭದ ಮೊಟ್ಟೆಗಳನ್ನು ಸಮುದ್ರ ಕೊಂಡೊಯ್ಯುತ್ತದೆ. ಹಾವೇರಿ, ರಾಣೆಬೆನ್ನೂರು, ಬ್ಯಾಡಗಿ ಸೀಮೆಯಲ್ಲಿ ಕಡಲಿಲ್ಲ. ಇಲ್ಲಿ ಆ ಕೆಲಸವನ್ನು ನಮ್ಮ ಕುಂಟೆ, ಟ್ರ್ಯಾಕ್ಟರುಗಳು ಮಾಡುತ್ತಿವೆ.

ಕೆರೆಯಂಗಳದಲ್ಲಿ, ಹೊಲದಲ್ಲಿ ಹಳದಿ ಕಾಲೂರಿ ಓಡಾಡುತ್ತ, ಮನುಷ್ಯರ ಸುಳಿವು ಸಿಕ್ಕೊಡನೆ ಕೂಗೆಬ್ಬಿಸುವ ಈ ಹಕ್ಕಿಯನ್ನು ಅರಿಯದ ರೈತರಿಲ್ಲ. ಇದು ಮರದಲ್ಲಿ ಗೂಡು ಕಟ್ಟುವುದಿಲ್ಲ. ಹೆಚ್ಚಾಗಿ ಮಾರ್ಚ್‌ನಿಂದ ಆಗಸ್ಟ್‌ವರೆಗೆ ಬಯಲು ನೆಲದ ತಗ್ಗಿನಲ್ಲಿ ಸಣ್ಣ ಹರಳು ಜೋಡಿಸಿ ಸಾಮಾನ್ಯವಾಗಿ 4 ಮೊಟ್ಟೆ ಇಡುತ್ತದೆ. ಮರಿಯಾಗಲು ಸುಮಾರು 28 ದಿನ ಬೇಕು. ಬಿಸಿಲು ಹೆಚ್ಚಾದಾಗ ಹೊಟ್ಟೆಯ ಗರಿಗಳನ್ನು ನೀರಿನಲ್ಲಿ ನೆನೆಸಿ ತಂದು ಮೊಟ್ಟೆಗಳನ್ನು ತಂಪಾಗಿಡುತ್ತದೆ. ನಾವು ಮುಂಗಾರಿಗೆ ಹರಗಿ ಬಿತ್ತುವುದೂ ಇದೇ ಕಾಲದಲ್ಲಿ. ಮಣ್ಣಿನ ಬಣ್ಣದ ಮೊಟ್ಟೆ ನಮ್ಮ ಕಣ್ಣಿಗೆ ಬೀಳುವುದೇ ಇಲ್ಲ.

ರಾಣೆಬೆನ್ನೂರು ಭಾಗದಲ್ಲಿ ಕೃಷ್ಣಮೃಗ ಪೈರು ಮೇಯುತ್ತದೆಂಬ ದೂರಿನಲ್ಲಿ ಹುರುಳಿದೆ. ಟಿಟ್ಟಿಭವಾದರೋ ಪೈರು ಮೇಯುವುದಿಲ್ಲ. ಜೀರುಂಡೆ, ಇರುವೆ, ಹುಳುಹುಪ್ಪಟೆಗಳೇ ಇದರ ಮುಖ್ಯ ಆಹಾರ. ಇದೊಂದರಿಂದಲೇ ಕೀಟ ಹತೋಟಿಯಾಗುತ್ತದೆ ಎನ್ನಲಾಗದು. ಆದರೆ ಕೂಲಿ ಕೇಳದ ಆಳನ್ನು ಹೊಲದಿಂದ ಓಡಿಸುವುದು ಜಾಣತನವಲ್ಲ.

ಆದುದರಿಂದ ರೈತ ಬಾಂಧವರೇ, ಹಕ್ಕಿ ತಲೆಯ ಮೇಲೆ ಹಾರಾಡಿ ಕೂಗಿದರೆ ಎತ್ತು ನಿಲ್ಲಿಸಿ ನೆಲ ನೋಡಿರಿ. ಗೂಡು ಕಂಡರೆ ಮೊಟ್ಟೆ ಮುಟ್ಟದೆ, ಸುತ್ತ ಒಂದು ಮಾರು ಬಿಟ್ಟು ಕುಂಟೆ ಹೊಡೆಯಿರಿ. ಮೆಣಸಿನಕಾಯಿಗೆ ಔಷಧ ಸಿಂಪಡಿಸುವಾಗಲೂ ಆ ಜಾಗ ಬಿಡಿರಿ. ಮರಿಗಳು ಮೊಟ್ಟೆಯೊಡೆದ ಒಂದೆರಡು ದಿನಗಳಲ್ಲೇ ಗೂಡು ಬಿಟ್ಟು ನಡೆಯುತ್ತವೆ. ನೆಲ ಮತ್ತೆ ನಿಮ್ಮದೇ.

ಕಥೆಯ ಸಮುದ್ರ ಕೊನೆಗೆ ಮೊಟ್ಟೆಗಳನ್ನು ಹಿಂದಿರುಗಿಸಿತು. ಕುಂಟೆ ಒಡೆದ ಮೊಟ್ಟೆಯನ್ನು ಯಾರೂ ಹಿಂದಿರುಗಿಸಲಾರರು.